ಅವಳಿಗೆ ಸಿಗದ ಹೋಳು

ಆಗ ನನಗೆ ಹತ್ತೊಂಬತ್ತು ವರ್ಷ. ಟ್ರೈನಿಂಗ್ ಮುಗಿಸಿ ಸಿಕ್ಕಿದ ಮೊದಲ ಶಾಲೆ ಪಯಸ್ವಿನಿ ಹೊಳೆಯ ಆಚೆ ದಡದಲ್ಲಿತ್ತು. ಸವಣೂರಿನ ಹತ್ತಿರದ ನಮ್ಮ ಮನೆಯಿಂದ ದಿನಾ ಹೋಗಿ ಬರುವ ದಾರಿಯಲ್ಲ. ಶಾಲೆಯ ಪಕ್ಕದ ಮನೆಯವರು ಚಾವಡಿಯ ಬದಿಯ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಶಾಲೆಯೆಂದರೆ ಮುಳಿಹುಲ್ಲು ಹೊದಿಸಿದ ಮಾಡು, ನಡುವೆ ಒಂದು ಬಿದಿರಿನ ತಟ್ಟಿ. ತಟ್ಟಿಯ ಆ ಕಡೆ ನಾಲ್ಕು, ಐದನೇ ಕ್ಲಾಸಿನ ಮಕ್ಕಳೊಂದಿಗೆ ಹೆಡ್‌ಮಾಸ್ಟ್ರು. ಈ ಕಡೆ ಒಂದರಿಂದ ಮೂರರವರೆಗಿನ ಇಪ್ಪತ್ತೆರಡು ಮಕ್ಕಳೊಂದಿಗೆ ನಾನು.

ಕೈಕೆಲಸ ಕಲಿಸಿದರೆ ಗುಣವೂ ತಾನಾಗಿ ಬರುತ್ತದೆ ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನು ಪೂರ್ತಿ ನಂಬಿದ್ದೆ. ಮಳೆಗಾಲ ಶುರುವಾಗುತ್ತಲೇ ಶಾಲೆಯ ಹಿಂದೆ ತರಕಾರಿ ಹಾಕಿಸಿದೆ. ಬೀಜವನ್ನು ಮಕ್ಕಳು ಅವರವರ ಮನೆಯಿಂದಲೇ ತಂದರು. ಇಬ್ಬಿಬ್ಬರಿಗೆ ಒಂದು ಗುಂಡಿ. ಬೂದಿ, ಸೆಗಣಿ ಹೊತ್ತು ತಂದರು, ಬಳ್ಳಿ ಏರಲು ಕೋಲು ನೆಟ್ಟರು. ಎಲೆ ಎಣಿಸುವುದು, ಬಳ್ಳಿ ಎಷ್ಟು ಗೇಣು ಬೆಳೆಯಿತೆಂದು ಅಳೆಯುವುದು, ಇವೇ ನಮ್ಮ ಗಣಿತ. ಯಾರ ಬಳ್ಳಿಯಲ್ಲಿ ಮೊದಲು ಕಾಯಿಯಾದರೂ ಅದನ್ನು ಎಲ್ಲರೂ ಹಂಚಿ ತಿನ್ನಬೇಕೆಂದು ನಿಯಮ ಮಾಡಿದ್ದೆ.

ಮೊದಲ ಕಾಯಿ ಬಿಟ್ಟದ್ದು ಎರಡನೇ ಕ್ಲಾಸಿನ ಒಬ್ಬ ಹುಡುಗಿ ನೆಟ್ಟ ಮುಳ್ಳುಸೌತೆಯಲ್ಲಿ. ಮನೆಯಲ್ಲಿ ಸುಳ್ಯದ ಕಡೆಯ ಆಡುಮಾತಾದ ಅರೆಭಾಷೆ ಮಾತಾಡುವ ಮಗು. ಬರೆಯುವುದರಲ್ಲಿ ಚುರುಕು, ಕ್ಲಾಸಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ಕಾರಣ ನಾನೇ. ಶಾಲೆಯ ಅಂಗಳ ಮೆಟ್ಟಿದ ಮೇಲೆ ಕನ್ನಡ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಮನೆಯಲ್ಲಿ ತುಳು ಮಾತಾಡಿಯೇ ಬೆಳೆದ ನನಗೆ ಅದರ ಕಷ್ಟ ಗೊತ್ತಿರಬೇಕಿತ್ತು.

ಒಂದು ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯಲು ಹೋದಾಗ ಅವಳೊಬ್ಬಳೇ ಬಳ್ಳಿಯ ಹತ್ತಿರ ನಿಂತಿದ್ದಳು. ಕಾಲು ತುಂಬ ಕೆಸರು. ಬಳ್ಳಿಯಲ್ಲಿ ಕಾಯಿ ಇರಲಿಲ್ಲ. ಹೆಗಲಿನ ಬಟ್ಟೆಚೀಲ ಉಬ್ಬಿತ್ತು. ತೆರೆದು ನೋಡಿದರೆ ಸ್ಲೇಟಿನ ಪಕ್ಕದಲ್ಲಿ ಮುಳ್ಳುಸೌತೆ!

"ಇದೆಂತ?" ಎಂದೆ.

ಅವಳು ಅರೆಭಾಷೆಯಲ್ಲಿ ಬಡಬಡನೆ ಏನೋ ಹೇಳಿದಳು.

"ಶಾಲೆಯಲ್ಲಿ ಕನ್ನಡ ಮಾತಾಡ್ಬೇಕು ಅಂತ ಹೇಳಿದ್ದೇನೆ ಅಲ್ವ? ಕನ್ನಡದಲ್ಲಿ ಹೇಳು."

ಅವಳ ಬಾಯಿ ತೆರೆಯಿತು, ಮುಚ್ಚಿತು.

"ಬಳ್ಳಿಯ ಕಾಯಿ ಎಲ್ಲಿ ಹೋಯ್ತು?"

"ನಂಗೆ ಗೊತ್ಲೆ" ಎಂದಳು. ಗೊತ್ತಿಲ್ಲ ಎಂದು. ಅಷ್ಟು ನನಗೆ ಅರ್ಥವಾಯಿತು. ಕಾಯಿಯನ್ನು ಚೀಲದಲ್ಲಿಟ್ಟುಕೊಂಡು ಗೊತ್ತಿಲ್ಲ ಎನ್ನುವುದೇ? ಕದ್ದದ್ದಕ್ಕಿಂತ ಆ ಸುಳ್ಳೇ ನನ್ನನ್ನು ಕೆರಳಿಸಿತು.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ನಿಲ್ಲಿಸಿ ಅಂಗೈಗೆ ಬೆತ್ತದಲ್ಲಿ ಎರಡು ಪೆಟ್ಟು ಕೊಟ್ಟೆ. ಅವಳು ಅಳಲಿಲ್ಲ. ಆಮೇಲೆ ಆ ಸೌತೆಕಾಯಿಯನ್ನು ಕೊಯ್ದು, ಉಪ್ಪು ಹಾಕಿ, ಮಕ್ಕಳಿಗೆ ಒಂದೊಂದು ಹೋಳು ಹಂಚಿದೆ. ಇಪ್ಪತ್ತೊಂದು ಹೋಳು. ಅವಳಿಗೆ ಕೊಡಲಿಲ್ಲ. ನಾನೂ ತಿನ್ನಲಿಲ್ಲ. ಒಳ್ಳೆಯ ಪಾಠ ಕಲಿಸಿದೆನೆಂಬ ತೃಪ್ತಿ ಆ ದಿನ ನನಗಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನ ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಅವಳ ತಾಯಿ ಎದುರಾದರು. ತಲೆಯ ಮೇಲೆ ಹುಲ್ಲಿನ ಹೊರೆ. ನನ್ನನ್ನು ಕಂಡು ನಗುತ್ತಾ ನಿಂತರು.

"ಟೀಚರೇ, ನಿನ್ನೆ ಮಗಳ ಕೈಲಿ ನಿಮಗೊಂದು ಮುಳ್ಳುಸೌತೆ ಕೊಟ್ಟು ಕಳಿಸಿದ್ದೆ. ಮನೆಯ ಬಳ್ಳಿದು. ನಿಮಗೆ ಭಾರಿ ರುಚಿ ಆಯ್ತಂತೆ ಅಲ್ವ? ಮಗಳು ಹೇಳಿದ್ಳು."

ನಾನು ನಿಂತಲ್ಲೇ ನಿಂತೆ. ಶಾಲೆಯ ಬಳ್ಳಿಯ ಬೀಜ ಬಂದದ್ದೇ ಅವರ ಮನೆಯಿಂದ. ಎರಡು ಕಾಯಿಯ ಬಣ್ಣ, ಗೆರೆ ಒಂದೇ ಥರ ಇರದೆ ಇನ್ನು ಹೇಗಿರುತ್ತದೆ?

"ಹೌದಮ್ಮ, ಒಳ್ಳೆದಿತ್ತು" ಎಂದೆ. ನಿಜ ಹೇಳುವ ಧೈರ್ಯ ಬರಲಿಲ್ಲ.

ಶಾಲೆಗೆ ಬಂದವಳೇ ತೋಟಕ್ಕೆ ಹೋದೆ. ಹೆಡ್‌ಮಾಸ್ಟ್ರು ಕೊಡೆ ಹಿಡಿದು ಬಗ್ಗಿ ನಿಂತಿದ್ದರು. "ನೋಡಿ ಟೀಚರ್, ನಿನ್ನೆ ರಾತ್ರಿಯೂ ಬಂದಿದೆ ಇದು" ಎಂದು ಕೆಸರಿನಲ್ಲಿ ಮೂಡಿದ ಹೆಜ್ಜೆ ತೋರಿಸಿದರು. ಇನ್ನೊಂದು ಬಳ್ಳಿಯ ಮಿಡಿಯೂ ಅರ್ಧ ಕಚ್ಚಿ ಬಿದ್ದಿತ್ತು. "ನರಿ. ಅದಕ್ಕೆ ಸೌತೆಕಾಯಿ ಅಂದ್ರೆ ಜೀವ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಮಕ್ಕಳೆದುರೇ ಅವಳಿಗೆ ನನ್ನದು ತಪ್ಪಾಯಿತೆಂದು ಹೇಳುತ್ತೇನೆ ಎಂದೆ. ಅವರು ಗಾಬರಿಯಾದರು.

"ಎಂತ ಮಾರಾಯ್ರೆ ನೀವು! ಮಕ್ಕಳ ಹತ್ರ ಟೀಚರ್ ತಪ್ಪಾಯ್ತು ಅಂತ ಹೇಳುದುಂಟಾ? ಒಂದು ಬೆಲ್ಲದ ತುಂಡು ಕೊಟ್ಟು ತಲೆ ಸವರಿ, ಮುಗೀತು. ನಾಳೆ ನಿಮ್ಮ ಮಾತು ಯಾರು ಕೇಳ್ತಾರೆ?"

"ಪೆಟ್ಟು ಕೊಟ್ಟದ್ದು ಎಲ್ಲರೆದುರು ಅಲ್ವ ಮಾಸ್ಟ್ರೆ?"

ಅವರು ಕೊಡೆ ಮಡಚಿ ಒಳಗೆ ನಡೆದರು.

ಹಾಜರಿ ಕರೆದು ಮುಗಿಸಿ ಅವಳನ್ನು ಮುಂದೆ ಬರಹೇಳಿದೆ. ಬಂದವಳು ತಾನಾಗಿಯೇ ಅಂಗೈ ಚಾಚಿದಳು. ಇನ್ನೊಂದು ಪೆಟ್ಟು ಕೊಡಲು ಕರೆದದ್ದೆಂದು ತಿಳಿದಿದ್ದಳು. ಅವಳೆದುರು ಮೊಣಕಾಲೂರಿ ಕೂತು ಆ ಪುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಮಕ್ಕಳೇ, ನಿನ್ನೆ ಇವಳು ಕದ್ದಿರಲಿಲ್ಲ. ಸುಳ್ಳು ಹೇಳಿರಲೂ ಇಲ್ಲ. ನೀವು ತಿಂದದ್ದು ಇವಳ ಅಮ್ಮ ನನಗೆ ಕಳಿಸಿದ ಸೌತೆಕಾಯಿ. ನಮ್ಮ ಕಾಯಿ ನರಿ ತಿಂದಿತ್ತು. ನಾನು ಇವಳ ಮಾತು ಕೇಳದೆ ಹೊಡೆದೆ. ನನ್ನದು ತಪ್ಪಾಯಿತು."

ತಟ್ಟಿಯ ಆ ಕಡೆಯ ಮಗ್ಗಿ ನಿಂತಿತು.

"ನಿನ್ನೆ ನೀನು ಎಂತ ಹೇಳ್ಲಿಕ್ಕೆ ಹೊರಟದ್ದು? ನಿನ್ನ ಭಾಷೆಯಲ್ಲೇ ಹೇಳು."

ಅವಳು ಕ್ಲಾಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲನೆ ಹೇಳತೊಡಗಿದಳು. ಅರ್ಧ ನನಗೆ ತಿಳಿಯಿತು, ಉಳಿದರ್ಧವನ್ನು ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕನ್ನಡ ಮಾಡಿ ಹೇಳಿದಳು. ಬೇರೆಯವರು ಬರುವ ಮೊದಲೇ ಟೀಚರಿಗೆ ಕೊಡಬೇಕೆಂದು ಅವಳು ಓಡಿ ಬಂದದ್ದಂತೆ. ಬಂದು ನೋಡಿದರೆ ಬಳ್ಳಿಯಲ್ಲಿ ಕಾಯಿಯಿಲ್ಲ. ಅದನ್ನು ಕಂಡು ಅಳು ಬಂದಿತ್ತಂತೆ.

ಹೇಳಿ ಮುಗಿಸಿದವಳು ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿಕೊಂಡು ಕೇಳಿದಳು:

"ಟೀಚರ್... ನೀವು ಸಹ... ತಿನ್ಲಿಲ್ಲ ಅಲ್ವ?"

"ಇಲ್ಲ ಮಗಾ."

"ಹಾಗಾದ್ರೆ ಇನ್ನೊಂದು ತರ್ತೇನೆ."

ಕ್ಲಾಸಿನಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಕನ್ನಡ ಮಾತು ಅದು. ನಾನು ಮುಖ ತಿರುಗಿಸಿ ಬೋರ್ಡು ಒರೆಸಲು ಹೋದೆ. ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ.

ಸಂಜೆ ಅವರ ಮನೆಗೆ ಹೋಗಿ ತಾಯಿಗೂ ನಿಜ ಹೇಳಿದೆ. ಅವರು ಮಗಳನ್ನು ಹತ್ತಿರ ಕರೆದು ಅಂಗೈ ತಿರುಗಿಸಿ ನೋಡಿದರು. ಕೊನೆಗೆ, "ನಾನು ಬೇಸರ ಮಾಡ್ತೇನೆ ಅಂತಲೇ ನಿಮಗೆ ರುಚಿ ಆಯ್ತು ಅಂತ ಹೇಳಿದ್ದಾಳೆ ಟೀಚರೇ" ಎಂದರು. "ಕೂತ್ಕೊಳ್ಳಿ, ಕಾಫಿ ಮಾಡ್ತೇನೆ." ಬೈದಿದ್ದರೆ ನನಗೆ ಇದಕ್ಕಿಂತ ಸುಲಭವಾಗುತ್ತಿತ್ತು.

ಹೆಡ್‌ಮಾಸ್ಟ್ರು ಹೆದರಿದ ಹಾಗೆ ಮಕ್ಕಳೇನೂ ನನ್ನ ತಲೆಯ ಮೇಲೆ ಕೂರಲಿಲ್ಲ. ಆ ವಾರದಲ್ಲೇ ಒಬ್ಬ ಮೇಜಿನ ಹತ್ತಿರ ಬಂದು, "ಟೀಚರ್, ಅವನ ಸ್ಲೇಟು ಒಡೆದದ್ದು ನಾನು. ಬಿದ್ದು ಒಡೆದದ್ದಲ್ಲ" ಎಂದ. ಯಾರೂ ಅವನನ್ನು ಕೇಳಿಯೇ ಇರಲಿಲ್ಲ. ಮತ್ತೊಬ್ಬಳು ತನ್ನ ಲೆಕ್ಕ ಪಕ್ಕದವಳನ್ನು ನೋಡಿ ಬರೆದದ್ದೆಂದು ಹೇಳಿ ಹೋದಳು. ಬೆತ್ತವನ್ನು ನಾನು ಮಾಡಿನ ಸಂದಿಗೆ ಸಿಕ್ಕಿಸಿಟ್ಟೆ. ಸಿಟ್ಟು ಬಂದ ದಿನ ಕೈ ಅಲ್ಲಿಗೆ ಹೋಗುತ್ತಿತ್ತು. ಒಂದೆರಡು ಸಲ ತೆಗೆದದ್ದೂ ಉಂಟು. ಒಮ್ಮೆಲೇ ಬದಲಾಗುವಷ್ಟು ಒಳ್ಳೆಯವಳು ನಾನಲ್ಲ.

ಆ ವರ್ಷದ ಕೊನೆಗೆ ಒಂದು ಮಧ್ಯಾಹ್ನ ತಟ್ಟಿಯಾಚೆಯಿಂದ ಹೆಡ್‌ಮಾಸ್ಟ್ರ ದನಿ ಕೇಳಿತು. "ನಿನ್ನೆಯ ಭಾಗಾಕಾರ ನಾನೇ ತಪ್ಪು ಹೇಳಿಕೊಟ್ಟದ್ದು ಮಕ್ಕಳೇ. ಈಗ ಸರಿ ಮಾಡುವ" ಎನ್ನುತ್ತಿದ್ದರು. ಹೇಳಿದವರೇ ಒಮ್ಮೆ ಕೆಮ್ಮಿದರು.

ನಾಲ್ಕು ವರ್ಷದ ಮೇಲೆ ನನಗೆ ಕಡಬದ ಕಡೆಗೆ ವರ್ಗವಾಯಿತು. ಅಷ್ಟರಲ್ಲಿ ಆ ಹುಡುಗಿ ಐದನೇ ಕ್ಲಾಸು ಮುಗಿಸಿ, ಹೊಳೆ ದಾಟಿ ಸುಳ್ಯದ ಶಾಲೆಗೆ ಹೋಗತೊಡಗಿದ್ದಳು. ನನಗೆ ತಕ್ಕಮಟ್ಟಿಗೆ ಅರೆಭಾಷೆ ಬರುತ್ತಿತ್ತು. ಕಲಿಸಿದ್ದು ಅವಳೇ, ನನ್ನ ಉಚ್ಚಾರ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ.

ಹೊಸ ಶಾಲೆಯ ಮೊದಲ ದಿನ, ಅಕ್ಷರ ಬರೆಸುವ ಮೊದಲು, "ಮನೆಯಲ್ಲಿ ಅಮ್ಮನನ್ನು ಎಂತ ಕರೀತೀರಿ?" ಎಂದು ಒಬ್ಬೊಬ್ಬರನ್ನೂ ಕೇಳಿದೆ. ಅಪ್ಪೆ ಎಂದರು ಕೆಲವರು. ಅವ್ವ ಎಂದರು, ಉಮ್ಮ ಎಂದರು, ಅಮ್ಮ ಎಂದರು. ಎಲ್ಲವನ್ನೂ ಬೋರ್ಡಿನಲ್ಲಿ ದೊಡ್ಡದಾಗಿ ಬರೆದೆ.