ಬಾಗಿಲ ಬಳಿಯ ರೋವನ್ ಮರ

ವಾಟಿ ರೆನಿ ಹದಿನೈದನೆಯ ವಯಸ್ಸಿಗೆ ಅರ್ಡೆನಾಕ್ ಕೋಟೆಯ ಉದ್ಯಾನದಲ್ಲಿ ಮರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಐವತ್ತೊಂದು ವರ್ಷ ಅಲ್ಲೇ ದುಡಿದ. ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡ. ಕೊಡಲಿಯ ಹಿಂಬದಿಯಿಂದ ಮರಕ್ಕೊಂದು ಪೆಟ್ಟು ಕೊಟ್ಟು ಕಿವಿಗೊಟ್ಟರೆ ಸಾಕು, ಒಳಗೆ ಟೊಳ್ಳೋ ಗಟ್ಟಿಯೋ ಹೇಳಿಬಿಡುತ್ತಿದ್ದ. ಮನುಷ್ಯರ ಬಗ್ಗೆ ಅಷ್ಟೂ ಮಾತಾಡುತ್ತಿರಲಿಲ್ಲ.

ಆ ಉದ್ಯಾನ ಮೊದಲು ಹನ್ನೊಂದು ಮನೆಗಳ ಊರಾಗಿತ್ತು. ಹಳೆಯ ರಾಜನಿಗೆ ಜಿಂಕೆ ಬೇಟೆಗೆ ಬಯಲು ಬೇಕಾಯಿತು, ಊರು ಎದ್ದುಹೋಯಿತು. ಮನೆಗಳು ಬಿದ್ದವು, ಬಾಗಿಲ ಬಳಿಯ ರೋವನ್ ಮರಗಳು ಉಳಿದವು. ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಕೂಸು ಹುಟ್ಟಿದಾಗ ನೆಡುವ ಮರ ಅದು. ಅದನ್ನು ಕೀಳಬಾರದು. ಮಂಜು ಬಿದ್ದ ಬೆಳಗ್ಗೆ ಆ ಮರಗಳು ಹುಲ್ಲಿನ ನಡುವೆ ಒಂಟಿಯಾಗಿ ನಿಂತು ಯಾರದೋ ದಾರಿ ಕಾಯುವಂತೆ ಕಾಣುತ್ತವೆ. ವಾಟಿಯ ಹೆಂಡತಿ ಇಶ್ಬೆಲ್ ಅವುಗಳನ್ನು ದಾಟುವಾಗ ತಲೆ ಎತ್ತುವುದಿಲ್ಲ.

ಮಾರ್ಚಿನಲ್ಲಿ ಮರ್ಡೋ ಬಂದ. ವಾಟಿಯ ಕೈಕೆಳಗೆ ಕಲಿತವನು, ಈಗ ಅವನ ಜಾಗದಲ್ಲಿ ಉದ್ಯಾನದ ಮೇಸ್ತ್ರಿ.

"ಆ ರಾಜಕುಮಾರಿ ನೆಟ್ಟ ರೋವನ್ ಟೊಳ್ಳಾಗಿದೆ ಅಮ್ಮ. ಗುರುವಾರ ಬುಡಸಮೇತ ತೆಗೀತೀವಿ. ಅದೇ ಗುಂಡಿಗೆ ಅವರ ಮೊಮ್ಮಗಳು ಬಂದು ಹೊಸದು ನೆಡ್ತಾಳಂತೆ."

"ಅದು ಅವಳ ಮರ ಅಲ್ಲ."

"ಹಿತ್ತಾಳೆ ಫಲಕ ಇದೆಯಲ್ಲ."

"ಫಲಕ ನನ್ನ ಹಸುವಿನ ಕೊರಳಿಗೆ ಕಟ್ಟಿದ್ರೆ ಹಸುನೂ ಅವಳದಾಗ್ತಿತ್ತು. ಕೂತ್ಕೋ."

ಇಶ್ಬೆಲ್ ಹೇಳಿದಳು. ನಲವತ್ತಮೂರು ವರ್ಷದ ಹಿಂದಿನ ನವೆಂಬರ್. ಪರದೇಶದ ರಾಜಕುಮಾರಿ ಕೋಟೆಯಲ್ಲಿ ಸಸಿ ನೆಡಲು ಬಂದಿದ್ದಳು. ಅತಿಥಿಗಳು ಮೂರು ಸಲಿಕೆ ಮಣ್ಣು ಹಾಕಿ, ಫೋಟೋ ತೆಗೆಸಿಕೊಂಡು, ಚಹಾಕ್ಕೆ ಹೋಗುವುದು ಪದ್ಧತಿ. ಆಮೇಲೆ ವಾಟಿ ಸಸಿಯನ್ನು ಎತ್ತಿ, ಬೇರು ಬಿಡಿಸಿ, ಸರಿಯಾಗಿ ನೆಟ್ಟು ಮಣ್ಣು ತುಳಿಯಬೇಕು. ಆ ಸಂಜೆ ಅವನು ಹೋಗಲಿಲ್ಲ. ಎಂಟು ತಿಂಗಳ ಮಗಳು ಏಲಿಗೆ ಉಸಿರು ಕಟ್ಟುತ್ತಿತ್ತು. ಮೂರನೆಯ ದಿನ ಕೂಸು ಹೋಯಿತು. ಅಷ್ಟರಲ್ಲಿ ಹೊರಗಿದ್ದ ಬೇರು ಹಿಮಕ್ಕೆ ಸುಟ್ಟು ಸಸಿಯೂ ಹೋಗಿತ್ತು.

"ಏಲಿಗೆ ಅಂತ ನಮ್ಮ ಬಾಗಿಲಲ್ಲಿ ನೆಟ್ಟಿದ್ದನ್ನ ಕಿತ್ಕೊಂಡು ಹೋಗಿ ಅಲ್ಲಿಟ್ಟ. ಸತ್ತ ಸಸಿಯಷ್ಟೇ ಎತ್ತರ ಇತ್ತು. ಇನ್ನು ಈ ಬಾಗಿಲು ಯಾರಿಗೋಸ್ಕರ ಕಾಯ್ಬೇಕು ಅಂದ. ಆಮೇಲೆ ನಮಗೆ ಮಕ್ಕಳಾಗ್ಲಿಲ್ಲ."

"ವಾಟಿ ಮೇಸ್ತ್ರಿನಾ?" ಎಂದ ಮರ್ಡೋ. "ಕೋಟೆಯ ಒಂದು ಮೊಳೆನೂ ಮನೆಗೆ ಒಯ್ದವನಲ್ಲ."

"ಒಯ್ಯಲಿಲ್ಲ. ಕೊಟ್ಟ."

ಮರ್ಡೋ ಟೋಪಿ ತಿರುಗಿಸುತ್ತ ಕೂತ.

"ಅವನು ಹೋದ ಮೇಲೆ ಆ ಮರದ ಹತ್ರ ನಿಂತ್ರೆ ಉಸಿರು ಕೇಳ್ತದೆ," ಎಂದಳು ಇಶ್ಬೆಲ್. "ಆ ಮೂರು ದಿನ ಕೇಳಿದ ಉಸಿರೇ."

"ದುಃಖದಲ್ಲಿ ಹಂಗೆ ಅನ್ಸುತ್ತೆ ಅಮ್ಮ."

"ನನಗೆ ಬುದ್ಧಿ ಹೇಳ್ಬೇಡ. ಕಾಂಡ ಕಡ್ಕೋ. ಬೇರು ಬಿಡು, ಚಿಗುರುತ್ತೆ. ಏಲಿಯದು ಅಂತ ಇನ್ನೇನೂ ಉಳಿದಿಲ್ಲ ನನಗೆ."

"ಗುಂಡಿ ಅಲ್ಲೇ ಅಂತ ಕೋಟೆಯವರು ಬರೆದಾಗಿದೆ. ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ. ಮೇಸ್ತ್ರಿ ಹೆಸರೂ."

"ಅವನ ಹೆಸರು ನಾನು ನೋಡ್ಕೋತೀನಿ. ನಿನ್ನ ಕೆಲಸ ನಿನ್ನಿಷ್ಟ."

ಅವನು ಟೋಪಿ ಹಾಕಿಕೊಂಡು ಹೋದ.

ಗುರುವಾರ ಇಶ್ಬೆಲ್ ಹೊರಗೆ ಹೋಗಲಿಲ್ಲ. ಗರಗಸದ ಸದ್ದು ಮನೆಯವರೆಗೂ ಬಂತು, ನಿಂತಿತು. ಮಧ್ಯಾಹ್ನ ಮೊಮ್ಮಗಳು ಮೂರು ಸಲಿಕೆ ಮಣ್ಣು ಹಾಕಿ ಹೋದಳು. ಸಂಜೆ ಮರ್ಡೋ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಗುಂಡಿ ನಾಲ್ಕು ಹೆಜ್ಜೆ ಆಚೆ ತೋಡಿದೆ. ಯಾರೂ ಅಳೀಲಿಲ್ಲ. ಬುಡದ ಮೇಲೆ ಹುಲ್ಲು ಮುಚ್ಚಿದೀನಿ." ಹೋಗಲು ತಿರುಗಿದವನು ಮತ್ತೆ ಹೇಳಿದ: "ಕುಯ್ಯುವಾಗ ಆ ಉಸಿರು ನನಗೂ ಕೇಳಿಸ್ತಮ್ಮ."

ಮೇ ತಿಂಗಳಲ್ಲಿ ಹುಲ್ಲು ಸೀಳಿಕೊಂಡು ಐದು ಚಿಗುರು ಎದ್ದವು. ಎಳೆ ಚಿಗುರೆಂದರೆ ಮೊಲಗಳಿಗೆ ಹಬ್ಬ. ಬೇಲಿ ಹಾಕಿದರೆ ಕೋಟೆಯವರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಇಶ್ಬೆಲ್ ಬೆಳಕು ಹರಿಯುವ ಮುಂಚೆ ಹಾಲು ಕರೆಯುವ ಮಣೆ ಹೊತ್ತು ಹೋಗಿ ಅಲ್ಲಿ ಕೂರುತ್ತಾಳೆ.

ಅವಳು ಕೂತ ಕಡೆಯಿಂದ ಮೊಲ ಬರುವುದಿಲ್ಲ. ಆಚೆ ಕಡೆಯಿಂದಲೂ ಬರುವುದಿಲ್ಲ. ಅಲ್ಲಿ ಯಾರು ಕಾಯುತ್ತಿದ್ದಾರೆಂದು ಇಶ್ಬೆಲ್ ತಿರುಗಿ ನೋಡುವುದಿಲ್ಲ.