ಒಳಮಡಿಕೆಯ ಮೊದಲ ಪುಟ

ಆಗಷ್ಟೇ ಅಚ್ಚಾದ ಕಾಗದದ ವಾಸನೆಗೆ ಕನ್ನಡದಲ್ಲಿ ಹೆಸರಿಲ್ಲ. ಸೀಮೆಎಣ್ಣೆಗೆ ಹತ್ತಿರ, ಆದರೆ ಸೀಮೆಎಣ್ಣೆಯಲ್ಲ. ಅದರಲ್ಲಿ ಹಸಿ ಗೋಣಿಚೀಲದ ಮುಗ್ಗಲೂ ಸ್ವಲ್ಪ ಬೆರೆತಿರುತ್ತದೆ, ಕಾದ ಯಂತ್ರದ ಬಿಸಿಯೂ. ಮೊನ್ನೆ ದಾವಣಗೆರೆಯಲ್ಲಿ, ಸರಸ್ವತಿ ನಗರದ ನನ್ನ ಬಾಡಿಗೆ ಮನೆಯ ಕೆಳಗಿರುವ ಝೆರಾಕ್ಸ್ ಅಂಗಡಿಯವನು ಯಾವುದೋ ಪಕ್ಷದ ಕರಪತ್ರಗಳ ಕಟ್ಟನ್ನು ಬಿಚ್ಚಿದ. ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲೇರುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಹರಿಹರದ ನಮ್ಮ ಮನೆಯ ಪಡಸಾಲೆ, ಬೆಳಗಾಗುವ ಮೊದಲಿನ ಬಲ್ಬಿನ ಹಳದಿ ಬೆಳಕು, ನೆಲದ ತುಂಬ ಹರಡಿದ ಪೇಪರು, ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಅಜ್ಜ, ಎಲ್ಲ ಒಟ್ಟಿಗೇ ಬಂದವು. ಅಜ್ಜನ ಹಣೆಯ ಮೇಲೆ ವಿಭೂತಿಯ ಬಿಳಿ, ಬೆರಳುಗಳಲ್ಲಿ ಶಾಯಿಯ ಕಪ್ಪು. ಪುರವಣಿಯನ್ನು ಒಳಗೆ ಸೇರಿಸಿ, ಮಡಿಕೆಯ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದರೆ ಸರ್ರೆಂದು ಒಂದು ಶಬ್ದ ಬರುತ್ತಿತ್ತು. ಹಾಸಿಗೆಯಲ್ಲಿದ್ದ ನನಗೆ ಆ ಶಬ್ದವೇ ಬೆಳಗು. ಅಜ್ಜಿ ತಂದಿಡುವ ಚಹಾದ ಲೋಟದ ಮೇಲೂ, ತಟ್ಟೆಯ ರೊಟ್ಟಿಯ ಅಂಚಿನಲ್ಲೂ ಅವನ ಬೆರಳಿನ ಗುರುತುಗಳಿರುತ್ತಿದ್ದವು. "ಈ ಮನ್ಯಾಗ ನಾವು ಉಂಡಿದ್ದಕ್ಕಿಂತ ಶಾಯಿ ನುಂಗಿದ್ದೇ ಹೆಚ್ಚು" ಎಂದು ಅಜ್ಜಿ ಗೊಣಗುತ್ತಿದ್ದಳು.

ಅಜ್ಜ ಪೇಪರಿನ ಏಜೆಂಟ್. ಊರಲ್ಲಿ ಅವನ ಹೆಸರು ಬರೀ ರುದ್ರಪ್ಪ ಅಲ್ಲ, ಪೇಪರ್ ರುದ್ರಪ್ಪ. ಅವನು ಹಾಕುತ್ತಿದ್ದ ಪತ್ರಿಕೆಯಲ್ಲಿ ಅವನು ಬರೆದ ಒಂದಕ್ಷರವೂ ಇರಲಿಲ್ಲ, ಅದರ ಕಚೇರಿಯೊಳಗೆ ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಅದು 'ನಮ್ಮ ಪೇಪರ್'. ಬೀದಿಯವರೂ ಹಾಗೆಯೇ ನಂಬಿದ್ದರು. ಹವಾಮಾನದ ಸುದ್ದಿ ತಪ್ಪಾದರೆ ಬೈಗುಳ ಅಜ್ಜನಿಗೆ. "ಏನ್ ರುದ್ರಪ್ಪ, ನಿಮ್ಮ ಪೇಪರ್ನಾಗೆ ಮಳಿ ಬರ್ತೈತೆ ಅಂದ್ರಿ, ನಾನು ಹಪ್ಳ ಹಾಕೋದ್ನೇ ಬಿಟ್ಟು ಕುಂತೆ. ಬಿಸ್ಲು ನೋಡಿದ್ರೆ ನೆತ್ತಿ ಸುಡ್ತೈತೆ!" ಎಂದು ಎದುರುಮನೆಯ ಸರೋಜಕ್ಕ ಸೈಕಲ್ಲನ್ನೇ ಅಡ್ಡಗಟ್ಟುತ್ತಿದ್ದಳು. ಅಜ್ಜ ನಗುತ್ತಿರಲಿಲ್ಲ. "ಹೌದ್ ನೋಡವ್ವಾ, ತಪ್ಪಾತು" ಎನ್ನುತ್ತಿದ್ದ. ಮದುವೆಯ ಜಾಹೀರಾತಿನಲ್ಲಿ ಬೀಗರ ಹೆಸರು ಅದಲುಬದಲಾದರೆ, ಪರೀಕ್ಷೆಯ ಫಲಿತಾಂಶದಲ್ಲಿ ಯಾರದೋ ನಂಬರು ಬಿಟ್ಟುಹೋದರೆ, ಮರುದಿನ ಪೇಪರ್ ಹಾಕುವಾಗ ಆ ಮನೆಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಇಳಿದು, ಬಾಯಿಮಾತಿನಲ್ಲಿ ತಿದ್ದುಪಡಿ ಹೇಳಿ ಮುಂದೆ ಹೋಗುತ್ತಿದ್ದ. ಯಾರೂ ಅವನಿಗೆ ಈ ಕೆಲಸ ಒಪ್ಪಿಸಿರಲಿಲ್ಲ. ತರ್ಕದ ಲೆಕ್ಕದಲ್ಲಿ ಇದಕ್ಕೆ ನೆಲೆಯೇ ಇಲ್ಲ, ಒಪ್ಪುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಗೆದ್ದು, ಈಗ ಅದೇ ವಿದ್ಯೆಯನ್ನು ಮಕ್ಕಳಿಗೆ ಹೇಳಿಕೊಡುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಂಚುವವನು ಬರೆದವನ ಪಾಪ ಹೊರಬೇಕಾಗಿಲ್ಲ. ಆದರೆ ಬಾಗಿಲು ತೆರೆದು ಪೇಪರನ್ನು ಕೈಯಲ್ಲಿ ತೆಗೆದುಕೊಳ್ಳುವವರಿಗೆ ಕಾಣುವ ಮುಖ ಒಂದೇ ಇತ್ತಲ್ಲ, ಅದು ಅಜ್ಜನದು.

ನಾನು ಹೈಸ್ಕೂಲಿಗೆ ಇನ್ನೂ ಕಾಲಿಡದ ವರ್ಷ, ಬೇಸಿಗೆ ರಜೆಯಲ್ಲಿ, ಭಾನುವಳ್ಳಿ ರಸ್ತೆಯಲ್ಲಿ ರೈತರು ಬಸ್ಸು ತಡೆದು ಕೂತರು. ಕಾಲುವೆಯ ನೀರು ಕೊನೇ ಭಾಗದ ಗದ್ದೆಗೆ ತಲುಪುತ್ತಿಲ್ಲವೆಂಬುದು ಅವರ ತಕರಾರು. ಯಾವುದೋ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದ ಅಜ್ಜನೂ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದ. ಇಳಿದು ಮರದ ನೆರಳಲ್ಲಿ ಕೂತ. ಬೇಕರಿಯೊಂದರಿಂದ ಯಾರೋ ತರಿಸಿದ ಬನ್ನಿನ ಟ್ರೇಗಳು ಬಂದವು, ಎಲ್ಲರಿಗೂ ಹಂಚಿದರು. ಭಾನುವಳ್ಳಿಯ ಹಾಲಪ್ಪ, ಮೋಟರ್ ರಿಪೇರಿ ಮಾಡುತ್ತಿದ್ದ ಹುಡುಗ, ಒಂದು ಬನ್ನನ್ನು ಮೇಲೆತ್ತಿ "ಲೇ, ಹಿಡಿಯಲೇ" ಎಂದು ದೂರದ ಗೆಳೆಯನಿಗೆ ಎಸೆದ. ಆಮೇಲಿನ ನೂಕಾಟದಲ್ಲಿ ರಸ್ತೆಯ ಆ ತುದಿಯಲ್ಲಿ ನಿಂತಿದ್ದ ಜೀಪಿನ ಗಾಜು ಒಡೆಯಿತಂತೆ, ಹೇಗೆಂದು ಯಾರಿಗೂ ಗೊತ್ತಾಗಲಿಲ್ಲ. ಅಜ್ಜ ತನ್ನ ಪಾಲಿನ ಬನ್ನಿನಲ್ಲಿ ಅರ್ಧ ತಿಂದು, ಇನ್ನರ್ಧವನ್ನು ಟವೆಲಿನಲ್ಲಿ ಸುತ್ತಿ ನನಗೆ ತಂದ. ಮರುದಿನ ಬೆಳಗಿನ ಜಾವ ಕಟ್ಟು ಬಿಚ್ಚಿದಾಗ ಮೊದಲ ಪುಟದಲ್ಲಿ ಕೈಯೆತ್ತಿದ ಹಾಲಪ್ಪನಿದ್ದ. ಕೈಯಲ್ಲೊಂದು ದುಂಡನೆಯ ಕಪ್ಪು ಆಕಾರ. ಇಂಥ ಪಕ್ಷದ ಕಾರ್ಯಕರ್ತರಿಂದ ಕಲ್ಲು ತೂರಾಟ ಎಂದು ದೊಡ್ಡ ಅಕ್ಷರಗಳು. ಅಜ್ಜ ಅದನ್ನು ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಇದ್ದ ಒಂದೇ ಸಾಕ್ಷ್ಯವನ್ನು ನಾನು ಹಿಂದಿನ ಸಂಜೆಯೇ ಹಾಲಿನಲ್ಲಿ ಅದ್ದಿ ತಿಂದುಬಿಟ್ಟಿದ್ದೆ.

ಬಿಸಿಲೇರುವ ಹೊತ್ತಿಗೆ ಹಾಲಪ್ಪನೇ ಮನೆಗೆ ಬಂದ. ಒಳಗೆ ಬರಲಿಲ್ಲ. "ಕೂಡಪ" ಎಂದರೂ ಕೂಡಲಿಲ್ಲ. "ರುದ್ರಪ್ಪಜ್ಜ, ನೀವೂ ಅಲ್ಲೇ ಇದ್ರಿ. ನಿಮ್ಮ ಪೇಪರ್ನೋರಿಗೆ ಒಂದ್ ಮಾತು ಹೇಳ್ರಿ. ನಾನು ಯಾವ್ ಪಾರ್ಟಿನೂ ಅಲ್ಲ. ಪೊಲೀಸ್ರು ನಮ್ಮವ್ವನ್ನ ಕೇಳಾಕ ಬಂದಿದ್ರಂತೆ." ಅಜ್ಜ ಅವನ ಮುಂದೆಯೇ ದಾವಣಗೆರೆಯ ಕಚೇರಿಗೆ ಫೋನು ಮಾಡಿದ. ಅಲ್ಲಿಯವರು ನೋಡೋಣ ಎಂದರು. ಅಜ್ಜ ಆ ಮಾತನ್ನು ಹಾಗೇ ನಂಬಿದ. "ನಾಳೆ ಹಾಕ್ತಾರ, ನೀ ಹೋಗು" ಎಂದು ಹಾಲಪ್ಪನ ಭುಜ ತಟ್ಟಿದ. ಮರುದಿನ ಕಟ್ಟು ಬಂದಾಗ ಪುಟಪುಟ ತಿರುವಿದ, ಕೊನೆಗೆ ಮಾರುಕಟ್ಟೆ ಧಾರಣೆಯ ಕೆಳಗೂ ಹುಡುಕಿದ. ತಿದ್ದುಪಡಿ ಇರಲಿಲ್ಲ. ಬದಲಿಗೆ, ಪುಂಡರನ್ನು ಮಟ್ಟಹಾಕಿ ಎಂಬ ಸಂಪಾದಕೀಯವಿತ್ತು. ಪೇಪರು ಒಂದು ಕಡೆಗೆ ವಾಲಿದೆಯೆಂದು ಹರಿಹರದ ಚಹಾದಂಗಡಿಗಳಲ್ಲಿ ಆಗಲೇ ಮಾತಿತ್ತು. ಆ ಮಾತನ್ನು ತನ್ನ ಎದುರು ಆಡಿದವರ ಜೊತೆ ಅಜ್ಜ ಜಗಳವಾಡಿದ್ದ. ಆ ಬೆಳಿಗ್ಗೆ ಅಜ್ಜಿ ಚಹಾ ತಂದಿಟ್ಟಳು. ಅವನು ಕುಡಿಯಲಿಲ್ಲ. "ಯಾಕ, ಏನಾತು?" ಎಂದಳು. "ನಮ್ಮ ಪೇಪರ್ ಸುಳ್ಳು ಹೇಳೈತೆ ಕಣೇ" ಎಂದ. ನಮ್ಮ ಮನೆಯ ಯಾರೋ ಕಳ್ಳತನದಲ್ಲಿ ಸಿಕ್ಕಿಬಿದ್ದಂತೆ ಅವನ ದನಿ ಇಳಿದಿತ್ತು.

ಅವತ್ತು ಅಜ್ಜ ಪ್ರತಿ ಬಾಗಿಲಲ್ಲೂ ಇಳಿದ. ರಜೆಯಾದ್ದರಿಂದ ನಾನು ಸೈಕಲ್ಲಿನ ಹಿಂದೆ ಕೂತಿದ್ದೆ. ಅವನು ಹೇಳಿದ್ದು ಎಲ್ಲ ಕಡೆ ಒಂದೇ: "ನಿನ್ನಿ ಪೇಪರ್ನಾಗೆ ಬಂದಿದ್ದು ಸರಿಯಿಲ್ರಿ. ಆ ಹುಡುಗನ ಕೈಯಾಗಿದ್ದಿದ್ದು ಬನ್ನು. ನಾನೂ ಅರ್ಧ ತಿಂದೀನಿ." ಬಟ್ಟೆ ಅಂಗಡಿಯ ಶಿವಣ್ಣ, ಹಬ್ಬಕ್ಕೆ ನನಗೆ ಲಂಗದ ಬಟ್ಟೆ ಕತ್ತರಿಸಿ ಕೊಡುತ್ತಿದ್ದವನು, ಹಲ್ಲುಜ್ಜುತ್ತಲೇ ಕೇಳಿಸಿಕೊಂಡು ನೊರೆಬಾಯಲ್ಲೇ ನಕ್ಕ. "ಅಲ್ಲಪ, ಯಾವಾಗಿಂದ ಆ ಪಾರ್ಟಿ ಸೇರ್ದಿ? ನಮಗೂ ಹೇಳಿದ್ರೆ ಹಾರ ತರ್ತಿದ್ವಲ್ಲ!" "ಪಾರ್ಟಿ ಅಲ್ಲ ಶಿವಣ್ಣಾ, ನಾ ಕಣ್ಣಾರೆ ಕಂಡಿದ್ದು." "ಕಂಡಿದ್ದು ಬಿಡು, ಹೇಳಿ ಕಳ್ಸಿದ್ದು ಯಾರು?" ಅಜ್ಜನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಕರೆದು ಕೂರಿಸಿ, ಮೃದುವಾಗಿ, ಆದರೆ ಅದನ್ನೇ ಕೇಳಿದರು. "ನಿಜಾನೇ ಇರ್ಬೋದು ರುದ್ರಪ್ಪ. ಆದ್ರೆ ಇದನ್ನ ಹೇಳಿದ್ರೆ ಯಾರಿಗೆ ಲಾಭ ಅಂತ ಯೋಚ್ನೆ ಮಾಡಿದೀಯಾ?" ಕೊನೆಯ ಬಾಗಿಲು ಸರೋಜಕ್ಕನದು. ಅವಳು ಪಕ್ಷ ಕೇಳಲಿಲ್ಲ, ಅಣಕಿಸಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿ, "ಹಂಗಾರೆ ಇಷ್ಟು ವರ್ಷ ನೀನು ಹಾಕಿದ್ದೆಲ್ಲ ಹೆಂಗೆ?" ಎಂದಳು. ಅಜ್ಜನ ಕಿವಿಯ ಹಿಂದಿನ ಚರ್ಮ ನಿಧಾನವಾಗಿ ಕೆಂಪಾಗುವುದನ್ನು ನಾನು ಹಿಂದಿನಿಂದ ನೋಡಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ಕೆಂಪಾಗುವುದನ್ನು ಆಮೇಲೆ ಬೇಕಾದಷ್ಟು ಕಂಡಿದ್ದೇನೆ. ನಿಜ ಹೇಳಿ ಹಾಗಾದವನನ್ನು ಕಂಡಿದ್ದು ಅದೊಂದೇ ಸಲ.

ಏಜೆನ್ಸಿ ಹೋಗಲಿಲ್ಲ. ಕಚೇರಿಯಿಂದ ಯಾರೋ ಬಂದು, "ಹಂಚೋ ಕೆಲಸ ಮಾಡ್ರಿ, ಉಪದೇಶ ಬ್ಯಾಡ" ಎಂದು ನಗುನಗುತ್ತಲೇ ಹೇಳಿ ಚಹಾ ಕುಡಿದು ಹೋದರು. ಹಾಗಾಗಿ ನಾಟಕದಂಥದ್ದು ಏನೂ ನಡೆಯಲಿಲ್ಲ, ಓದುಗರು ಕ್ಷಮಿಸಬೇಕು. ಅಜ್ಜ 'ನಮ್ಮ ಪೇಪರ್' ಅನ್ನುವುದನ್ನು ಬಿಟ್ಟ, ಅಷ್ಟೇ. ಇನ್ನೊಂದನ್ನು ಗಮನಿಸಿದವಳು ಅಜ್ಜಿ. ಅವನು ಮಡಚುವ ರೀತಿ ತಿರುಗಿತ್ತು. ಮೊದಲ ಪುಟ ಒಳಗೆ, ಕೊನೆಯ ಪುಟದ ಕ್ರಿಕೆಟ್ಟು ಹೊರಗೆ. "ಹಿಂಗ್ಯಾಕ?" ಎಂದರೆ "ಮುಖ ಗಲೀಜಾಗ್ತೈತೆ" ಎಂದ. ಹಾಗೆ ಮುಖ ಮುಚ್ಚಿಕೊಂಡ ಪೇಪರುಗಳನ್ನು ಅವನು ವರ್ಷಗಳ ಕಾಲ ಮನೆಮನೆಗೆ ಹಾಕಿದ, ಸೈಕಲ್ಲಿನಿಂದ ಇಳಿಯದೆ, ಗೇಟಿನ ಮೇಲಿಂದ ಎಸೆದು. ಸರೋಜಕ್ಕ ಪೇಪರ್ ತರಿಸುವುದನ್ನು ನಿಲ್ಲಿಸಿ ಟೀವಿ ನೋಡತೊಡಗಿದಳು. ಮೇಷ್ಟ್ರು ಎರಡು ಪೇಪರ್ ತರಿಸಿ ಎರಡನ್ನೂ ಬೈಯತೊಡಗಿದರು. ಹಾಲಪ್ಪನ ಮೇಲಿನ ಕೇಸು ಎಳೆದೆಳೆದು ಕೊನೆಗೆ ಬಿದ್ದುಹೋಯಿತು. ಆದರೆ ಊರಿನಲ್ಲಿ ಅವನು ಕಲ್ಲು ಹಾಲಪ್ಪನಾಗಿಯೇ ಉಳಿದ. ಹೆಣ್ಣು ಕೊಡಲು ಬಂದವರು ಆ ಹೆಸರು ಕೇಳಿ, ಚಹಾ ಕುಡಿದು, ಎದ್ದು ಹೋದರಂತೆ.

ಈಗ ಆ ಮನೆಯಿಲ್ಲ. ಪಡಸಾಲೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯ ಗಾಜಿನ ಬಾಗಿಲಿದೆ. ಅಜ್ಜ ಹೋದ, ಅವನ ಹಿಂದೆಯೇ ಅಜ್ಜಿ ಹೋದಳು. ನಾನು ಯಾವ ಪೇಪರನ್ನೂ ತರಿಸುವುದಿಲ್ಲ, ಯಾವ ಚಾನೆಲ್ಲನ್ನೂ ನಂಬುವುದಿಲ್ಲ, ಹಾಗೆಂದು ಹೇಳಿಕೊಂಡು ತಿರುಗುವುದರಲ್ಲಿ ಒಂದು ಜಂಬವೂ ಇದೆ. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲೆ ಯಾವ ಪಕ್ಷ ಬಂದರೂ ವಾದಿಸಬೇಕು. ಎದುರಾಳಿಯ ಮಾತಿಗಿಂತ ಮೊದಲು ಅವನ ಹಿತಾಸಕ್ತಿಯನ್ನು ಹಿಡಿಯಬೇಕು. ಹೇಳಿದ್ದು ಯಾರು, ಯಾರಿಗೆ ಲಾಭ, ಈಗಲೇ ಯಾಕೆ? ಇವು ಒಳ್ಳೆಯ ಪ್ರಶ್ನೆಗಳು, ಇವತ್ತಿನ ದಿನಗಳಲ್ಲಿ ಕೇಳಲೇಬೇಕಾದವು, ಇವನ್ನು ನಾನು ಬಿಟ್ಟುಕೊಡುವವಳಲ್ಲ. ಆದರೆ ಹೋದ ವರ್ಷ ನಮ್ಮಮ್ಮ, ಆವರಗೆರೆಯಲ್ಲಿ ತಾನೇ ಎದುರು ನಿಂತು ಕಂಡ ಒಂದು ಗಲಾಟೆಯನ್ನು ಫೋನಿನಲ್ಲಿ ಹೇಳುತ್ತಿದ್ದಾಗ, "ನಿಂಗೆ ಯಾರಮ್ಮ ಇದನ್ನ ಹೇಳಿದ್ದು?" ಎಂದು ಕೇಳಿಬಿಟ್ಟೆ. ಆಕೆ ಊಟ ಆಯಿತಾ ಎಂದು ಕೇಳಿ ಫೋನಿಟ್ಟಳು. ಎಷ್ಟೋ ವರ್ಷಗಳ ಕೆಳಗೆ ಬೆಳ್ಳನೆಯ ನೊರೆ ತುಂಬಿದ ಶಿವಣ್ಣನ ಬಾಯಿಯಿಂದ ಬಂದ ಪ್ರಶ್ನೆಯದು. ನನ್ನ ಬಾಯಲ್ಲಿ ಅದಕ್ಕೆ ಒಳ್ಳೆಯ ಶಿಕ್ಷಣ ಸಿಕ್ಕಿತ್ತು, ಅಷ್ಟೇ ವ್ಯತ್ಯಾಸ.

ಮೊನ್ನೆ ಕರಪತ್ರದ ವಾಸನೆ ಹಿಡಿದ ಮೇಲೆ ಸುಮ್ಮನಿರಲಾಗದೆ ಭಾನುವಾರ ಹರಿಹರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ತಲೆ ಅರ್ಧ ನರೆತವನೊಬ್ಬ ನನ್ನನ್ನೇ ನೋಡುತ್ತಿದ್ದು, ಎದ್ದು ಬಂದ. "ನೀನು ರುದ್ರಪ್ಪಜ್ಜನ ಮೊಮ್ಮಗಳಲ್ಲೇನವ್ವಾ? ಮಕ ಹಂಗೇ ಐತೆ. ನಾನು ಹಾಲಪ್ಪ." ಎದುರು ಕೂತ. ಮೋಟರ್ ರಿಪೇರಿ ಬಿಟ್ಟಿಲ್ಲವಂತೆ, ಅಕ್ಕನ ಮಕ್ಕಳ ಜೊತೆ ಇದ್ದಾನಂತೆ. ಲೋಟ ತಿರುಗಿಸುತ್ತಾ ಹೇಳಿದ: "ನಿಮ್ಮಜ್ಜ ಹೋಗೋದ್ಕಿಂತ ಮುಂಚೆ ನಮ್ಮೂರಿಗೆ ಬಂದಿದ್ದ, ಗೊತ್ತೈತಾ? ಪೇಪರ್ ಹಾಕಾಕಲ್ಲ. ನಮ್ಮೂರು ಅವನ ಲೈನೇ ಅಲ್ಲ. ಕೋಲು ಹಿಡ್ಕೊಂಡು ಮನಿಮನಿಗೆ ಹೋಗಿ, ಹಾಲಪ್ಪ ಕಲ್ಲು ಹೊಡೀಲಿಲ್ಲ, ನಾ ಕಂಡೀನಿ ಅಂತ ಹೇಳ್ದ. ಹುಡುಗ್ರು ನಕ್ರು. ಒಬ್ರೂ ನಂಬ್ಲಿಲ್ಲ. ಆದ್ರೂ ನಿಲ್ಲಸ್ಲಿಲ್ಲ ಪುಣ್ಯಾತ್ಮ, ಕಡೀ ಮನಿತನ ಹೋದ."

ಕೊನೆಯ ದಿನಗಳಲ್ಲಿ ಅಜ್ಜನಿಗೆ ಹಿತ್ತಲಿಗೆ ನಡೆಯುವುದೂ ಕಷ್ಟವಿತ್ತು. ಭಾನುವಳ್ಳಿಗೆ ಬಸ್ಸು ಹತ್ತಿದ್ದನೆಂದು ಮನೆಯಲ್ಲಿ ಯಾರೂ ಹೇಳಿದ ನೆನಪಿಲ್ಲ. ಆಗ ಅವನ ಜೊತೆಗಿದ್ದವಳು ಅಜ್ಜಿಯೊಬ್ಬಳೇ, ಕೇಳೋಣವೆಂದರೆ ಅವಳೂ ಇಲ್ಲ. ನನ್ನೊಳಗೆ ಪ್ರಶ್ನೆಗಳು ತಮ್ಮಷ್ಟಕ್ಕೆ ಸಾಲುಗಟ್ಟಿದವು: ಯಾರು ನೋಡಿದ್ದು, ಇದನ್ನು ನನಗೆ ಈಗ ಯಾಕೆ ಹೇಳುತ್ತಿದ್ದಾನೆ, ಮೊಮ್ಮಗಳನ್ನು ಮೆಚ್ಚಿಸಲಿಕ್ಕೋ? ಒಂದನ್ನೂ ಕೇಳಲಿಲ್ಲ. "ಹೌದಾ" ಎಂದೆ. ಹಾಲಪ್ಪ ನನ್ನ ಕಣ್ಣುಗಳನ್ನು ನೋಡುತ್ತಿದ್ದ, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ಹೇಳಿದ್ದನ್ನು ನಂಬಿದಳೋ ಇಲ್ಲವೋ ಎಂದು ಎಲ್ಲರ ಮುಖದಲ್ಲೂ ಹುಡುಕಿ ಹುಡುಕಿ ರೂಢಿಯಾದವನ ನೋಟದಿಂದ. ನಾನು ಕಣ್ಣು ಕೆಳಗೆ ಹಾಕಿದೆ.