ಮರಳುಗಾಡಿನಲ್ಲಿ ಅಳತೆಗೆ ಹೋದ ಚಿಕ್ಕಣ್ಣ

ನಮ್ಮ ಬೀದಿಯ ಚಿಕ್ಕಣ್ಣ ಕಾಣೆಯಾಗಿ ಹದಿಮೂರು ತಿಂಗಳಾದಾಗ, ಅವನ ಹೆಂಡತಿಯ ಬಳೆ ಒಡೆಯಲು ನನ್ನನ್ನು ಕರೆದರು. ನಾನು ಒಡೆಯಲಿಲ್ಲ. ಯಾಕೆ ಎಂದು ಮೂಡಲಪಾಳ್ಯದಲ್ಲಿ ಈಗಲೂ ಕೇಳುವವರಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಬಳೆಯ ವಿಷಯಕ್ಕೆ ಬರುವ ಮೊದಲು ಚಿಕ್ಕಣ್ಣ ಎಂಥವನು ಅನ್ನುವುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಮಾತಾಡಿದವರೇ ಎಲ್ಲರೂ.

ಚಿಕ್ಕಣ್ಣ ಸರ್ವೆ ಇಲಾಖೆಯಲ್ಲಿ ಚೈನ್‌ಮನ್ ಆಗಿದ್ದ. ನೆಲ ಅಳೆಯುವ ಕಬ್ಬಿಣದ ಸರಪಳಿಯ ಒಂದು ತುದಿ ಹಿಡಿದು ಮುಂದೆ ನಡೆಯುವುದು ಅವನ ಕೆಲಸ. ಇನ್ನೊಂದು ತುದಿಯಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಸರಪಳಿ ಮೂವತ್ತಮೂರು ಅಡಿ. ಈಗ ನಾಗರಭಾವಿ ಕಡೆ ಮೂರು ಮಹಡಿ ಮನೆಗಳು ನಿಂತಿರುವ ನೆಲವೆಲ್ಲ ಆಗ ರಾಗಿ ಹೊಲ, ಮುಳ್ಳು, ಕೆರೆಯ ಕೆಸರು. ಅದನ್ನೆಲ್ಲ ಅವನು ಕಾಲಲ್ಲಿ ತುಳಿದು, ಬಾಯಲ್ಲಿ ಎಣಿಸಿದ್ದಾನೆ. ಆಮೇಲೆ ಅಳೆಯುವ ಮಿಷನ್ ಬಂತು. ಸರಪಳಿ ಹೋಯಿತು, ಎಣಿಸುವ ಚಾಳಿ ಹೋಗಲಿಲ್ಲ. ಹಾಲಿನ ಬೂತಿಗೆ ಹೋದರೂ ಹೆಜ್ಜೆ ಎಣಿಸಿಕೊಂಡೇ ಹೋಗುವನು. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ತಡೆದು, ನಿಂತು, ಲೆಕ್ಕವನ್ನು ಬಾಯಲ್ಲಿ ಇಟ್ಟುಕೊಂಡೇ ನಗುವನು.

ನಾನು ಸರ್ಕಲ್ಲಿನ ಹತ್ತಿರ ಹೂ ಕಟ್ಟಿ ಮಾರುತ್ತೇನೆ. ಒಂದು ದಿನ ಹೆಂಡತಿಗೆ ಒಂದು ಮಾರು ಕಾಕಡ ಕೊಂಡು, ಎರಡು ಕೈ ಚಾಚಿ ಅಳೆದು ನೋಡಿದ.

"ಪಾಪಮ್ಮಕ್ಕ, ನಿಮ್ಮ ಮಾರು ನಾಲ್ಕು ಬೆರಳು ಕಮ್ಮಿ."

"ನನ್ನ ಕೈ ಇರೋದೇ ಅಷ್ಟು ಕಣಪ್ಪ. ನಿನ್ನ ಕೈ ಬಿಚ್ಕೊಡು, ಅದರಲ್ಲೇ ಅಳೀತೀನಿ."

"ಹಂಗಾದ್ರೆ ಮಾರು ಅನ್ಬೇಡಿ. ಪಾಪಮ್ಮನ ಮಾರು ಅನ್ನಿ. ತಗೊಳ್ಳೋರಿಗೆ ಗೊತ್ತಿರ್ಲಿ."

ನಾಲ್ಕು ಬೆರಳು ಹೂವಿಗಾಗಿ ಜಗಳವಾಡಿದವನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅಷ್ಟೇ ಅವನಿಗೆ.

ಅರವತ್ತಕ್ಕೆ ರಿಟೈರ್ ಆದ. ರಾಜಾಜಿನಗರದಲ್ಲಿ ಬೆಟ್ಟ ಹತ್ತುವವರ ಒಂದು ಗುಂಪಿದೆ, ಅದಕ್ಕೆ ಸೇರಿಕೊಂಡ. ಭಾನುವಾರ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿ ಹೊರಟರೆ ಸಂಜೆಗೆ ವಾಪಸ್ಸು. ಅವನ ಹೆಂಡತಿ ವೆಂಕಟಲಕ್ಷ್ಮಮ್ಮ, ನಾವೆಲ್ಲ ಲಕ್ಷ್ಮಮ್ಮ ಅನ್ನುತ್ತೇವೆ, ಬಾಗಿಲಲ್ಲಿ ನಿಂತು ಬೈಯುವಳು.

"ಮೂವತ್ತೇಳು ವರ್ಷ ನಡೆದಿದ್ದು ಸಾಲ್ದೇನ್ರೀ?"

"ಅದು ಸರ್ಕಾರದ ನಡಿಗೆ ಕಣೇ. ಇದು ನಂದು."

ಹೋದ ವರ್ಷ ಜನವರಿಯಲ್ಲಿ ಆ ಗುಂಪಿನ ಹನ್ನೊಂದು ಜನ ರೈಲು ಹತ್ತಿ ರಾಜಸ್ಥಾನಕ್ಕೆ ಹೋದರು. ಜೈಸಲ್ಮೇರ್ ಕಡೆಯ ಮರಳುಗಾಡಿನಲ್ಲಿ ನಾಲ್ಕು ದಿನ ನಡೆಯುವುದು, ಡೇರೆಯಲ್ಲಿ ಮಲಗುವುದು. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಎದ್ದು ಟೀ ಕುಡಿಯುವಾಗ ಚಿಕ್ಕಣ್ಣ ಇರಲಿಲ್ಲ. ಬ್ಯಾಗು ಅಲ್ಲೇ ಇತ್ತು. ಟೋಪಿ, ಕೋಲು, ಎರಡು ಬಾಟಲಿ ನೀರು ಇರಲಿಲ್ಲ. ಜೀಪಿನಲ್ಲೂ ಒಂಟೆಯ ಮೇಲೂ ಒಂಬತ್ತು ದಿನ ಹುಡುಕಿದರು. ಒಂದು ಚಪ್ಪಲಿಯೂ ಸಿಗಲಿಲ್ಲ.

ಹತ್ತನೆಯ ದಿನದಿಂದ ನಮ್ಮ ಬೀದಿ ಹುಡುಕಲು ಶುರು ಮಾಡಿತು, ಕೂತಲ್ಲೇ.

ಹಾಲಿನ ಬೂತಿನಲ್ಲಿ ಒಬ್ಬಳು ಹೇಳಿದಳು. "ಯಾರೋ ಇದಾಳೆ ಬಿಡಿ. ಪ್ರತಿ ಭಾನುವಾರ ಬೆಟ್ಟಕ್ಕೆ ಹೋಗೋದು ಸುಮ್ನೇನಾ?" ಚಿಕ್ಕಣ್ಣನ ಮೇಲಿನ ಸಾಲಿನ ಹಲ್ಲು ಕಟ್ಟಿಸಿದ್ದು. ಆ ಹಲ್ಲಿನ ಸೆಟ್ಟು ಡೇರೆಯಲ್ಲಿ ಲೋಟದ ನೀರಿನಲ್ಲೇ ಇತ್ತು. ಯಾವ ಗಂಡಸು ಹಲ್ಲು ಬಿಟ್ಟು ಹೆಣ್ಣಿನ ಹಿಂದೆ ಓಡುತ್ತಾನೆ ಎಂದು ನಾನು ಕೇಳಿದೆ.

ಸನ್ಯಾಸಿ ಆಗಿದ್ದಾನೆ ಅಂದರು ಇನ್ನು ಕೆಲವರು. ಉಪ್ಪಿನಕಾಯಿ ಇಲ್ಲದಿದ್ದರೆ ಅನ್ನದ ತಟ್ಟೆ ತಳ್ಳುತ್ತಿದ್ದವನು ಅವನು. ಗಡಿ ದಾಟಿ ಆಚೆ ಜೈಲಿನಲ್ಲಿದ್ದಾನೆ, ಹೆಸರು ಬದಲಾಯಿಸಿದ್ದಾರೆ ಎಂದು ಒಬ್ಬ ಫೋನಿನಲ್ಲಿ ಯಾರದೋ ಫೋಟೋ ತೋರಿಸಿದ. ಅವರು ಮಲಗಿದ್ದ ಜಾಗದಿಂದ ಗಡಿ ಅರವತ್ತು ಕಿಲೋಮೀಟರಿಗಿಂತ ಹೆಚ್ಚು. ಎರಡು ಬಾಟಲಿ ನೀರಿನಲ್ಲಿ ಯಾರು ದಾಟುತ್ತಾರೆ? ಮರಳು ನುಂಗಿಬಿಟ್ಟಿದೆ ಅನ್ನುವ ಮಾತೂ ಬಂತು. ಅಲ್ಲಿ ಬರೀ ಮರಳಲ್ಲ, ಅರ್ಧಕ್ಕರ್ಧ ಕಲ್ಲು ನೆಲ, ಕುರುಚಲು ಗಿಡ. ಇದನ್ನೆಲ್ಲ ನನಗೆ ಹೇಳಿದವನು ಅದೇ ಗುಂಪಿನಲ್ಲಿ ಚಿಕ್ಕಣ್ಣನ ಡೇರೆಯಲ್ಲೇ ಮಲಗಿದ್ದ ಸಂಪತ್. ನಲವತ್ತರ ಆಸುಪಾಸಿನವನು, ಬ್ಯಾಂಕಿನಲ್ಲಿ ಕೆಲಸ. ಊರಿಗೆ ಬಂದ ಮೇಲೆ ಚಿಕ್ಕಣ್ಣನ ಬ್ಯಾಗು ಕೊಡಲು ಬಂದು, ಲಕ್ಷ್ಮಮ್ಮನ ಮುಂದೆ ತಲೆ ಎತ್ತದೆ ಕೂತಿದ್ದ. ನಾನೂ ಇದ್ದೆ.

"ಹಿಂದಿನ ಸಂಜೆ ಏನಾದ್ರೂ ಜಗಳ ಆಯ್ತೇನಪ್ಪ?" ಎಂದು ಲಕ್ಷ್ಮಮ್ಮ ಕೇಳಿದಳು.

"ಜಗಳ ಅಲ್ಲ ಆಂಟಿ. ಗೈಡ್ ಇವತ್ತು ಹದಿನಾಲ್ಕು ಕಿಲೋಮೀಟರ್ ನಡೆದ್ವಿ ಅಂದ. ಅಂಕಲ್ ಇಲ್ಲ, ಹನ್ನೊಂದೇ ಅಂದ್ರು. ನನ್ನ ಫೋನ್ ಹನ್ನೆರಡೂವರೆ ತೋರಿಸ್ತು. ನಾವೆಲ್ಲ ನಗಾಡಿದ್ವಿ. ಅಂಕಲ್ ನಗಲಿಲ್ಲ. ನೆಲ ಒಂದೇ, ಲೆಕ್ಕ ಮೂರು ಹೆಂಗೆ ಆಗುತ್ತೆ ಅಂದ್ರು. ಆಮೇಲೆ ತಾವೇ, ಮರಳಲ್ಲಿ ಹೆಜ್ಜೆ ಗಿಡ್ಡ ಆಗುತ್ತೆ, ಅದು ಮರೆತೆ ಅಂದ್ರು."

"ಮತ್ತೆ?"

"ಮತ್ತೇನಿಲ್ಲ. ಮಲ್ಕೊಂಡ್ವಿ. ಬೆಳಿಗ್ಗೆ ನೋಡಿದ್ರೆ ನಮ್ಮ ಟೆಂಟ್ ಒಂದು ಕಡೆ ಕುಸಿದಿತ್ತು. ಎರಡು ಗೂಟ ಇರ್ಲಿಲ್ಲ."

ಲಕ್ಷ್ಮಮ್ಮ ಎದ್ದು ಬ್ಯಾಗನ್ನು ಚಾಪೆಯ ಮೇಲೆ ಸುರಿದಳು. ಬಟ್ಟೆ, ಮಾತ್ರೆ, ಟಾರ್ಚು, ಬನಿಯನ್ನು. ಒಂದೊಂದನ್ನೂ ಎತ್ತಿ ಪಕ್ಕಕ್ಕಿಟ್ಟಳು.

"ಹಗ್ಗ ಇಲ್ಲ," ಅಂದಳು.

ಮೂವತ್ತಮೂರು ಅಡಿಯ ನೈಲಾನ್ ಹಗ್ಗ ಒಂದನ್ನು ಚಿಕ್ಕಣ್ಣ ಸುತ್ತಿ ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಹಗ್ಗವೂ ಇಲ್ಲ, ಎರಡು ಗೂಟವೂ ಇಲ್ಲ. ಅವಳು ಸಂಪತ್‌ನ ಕಡೆ ತಿರುಗಿದಳು.

"ಅಳೆಯಕ್ಕೆ ಹೋಗವ್ರೆ ಕಣಪ್ಪ. ಹಿಂದಿನ ದಿನ ನಡೆದ ದಾರೀನ ವಾಪಸ್ಸು ಅಳ್ಕೊಂಡು ಹೋಗವ್ರೆ. ಎಲ್ರೂ ಏಳೋದ್ರೊಳಗೆ ಒಂದಷ್ಟು ಅಳೆದು ಬಂದು, ಆ ಗೈಡನ ಮುಂದೆ ಹೇಳ್ಬೇಕು ಅಂತ."

ಸಂಪತ್ ಆಗ ತಲೆ ಎತ್ತಿದ. "ಆಂಟಿ, ನಾವು ಮುಂದಿನ ದಾರೀಲೇ ಜಾಸ್ತಿ ಹುಡುಕಿದ್ದು," ಅಂದ.

ಆದರೆ ಅಳೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬನೇ ಅಳೆದರೆ ಒಂದು ಗೂಟ ನೆಟ್ಟು, ಹಗ್ಗ ಕಟ್ಟಿ, ಎಳೆದುಕೊಂಡು ಹೋಗಿ ಇನ್ನೊಂದು ಗೂಟ ನೆಡಬೇಕು. ಹಿಂದಕ್ಕೆ ಬಂದು ಮೊದಲನೆಯದನ್ನು ಕೀಳಬೇಕು. ಮತ್ತೆ ಮುಂದಕ್ಕೆ ಹೋಗಬೇಕು. ಒಂದೇ ನೆಲವನ್ನು ಮೂರು ಸಲ ನಡೆದ ಹಾಗೆ. ಹನ್ನೊಂದು ಕಿಲೋಮೀಟರ್ ಮೂವತ್ತಮೂರಾಗುತ್ತದೆ. ಚಿಕ್ಕಣ್ಣನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಅರ್ಧಕ್ಕೆ ಬಿಟ್ಟು ಏಳುವ ಮನುಷ್ಯ ಅವನಲ್ಲ, ಲೆಕ್ಕ ಬಾಯಲ್ಲಿ ಇರುವಾಗ ಬಿಸಿಲು ಏರಿದ್ದು ಅವನಿಗೆ ಕಾಣುವುದಿಲ್ಲ.

ಸಂಪತ್ ಹೋದ ಮೇಲೆ ಲಕ್ಷ್ಮಮ್ಮ ಒಂದೇ ಮಾತು ಹೇಳಿದಳು. "ಅಕ್ಕ, ಇನ್ನೊಂದು ತುದಿ ಹಿಡಿಯಕ್ಕೆ ನಾನಿರ್ಬೇಕಾಗಿತ್ತು."

ಸಂಪತ್ ಅಲ್ಲಿನ ಪೊಲೀಸರಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದ. ಹಿಂದಿನ ದಾರಿಯಲ್ಲೂ ಮೂರು ದಿನ ಹುಡುಕಿದರಂತೆ. ಅಷ್ಟರಲ್ಲಿ ಗಾಳಿ ಬೀಸಿತ್ತು. ಏನೂ ಸಿಗಲಿಲ್ಲ. ಚಿಕ್ಕಣ್ಣ ಬದುಕಿದ್ದಾನೆ ಎಂದು ನಾನು ಎಲ್ಲೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಸತ್ತಿದ್ದಾನೆ ಎನ್ನುವವರು ತಮಗೆ ಹೇಗೆ ಗೊತ್ತು ಎಂದು ಹೇಳಬೇಕು.

ಹದಿಮೂರು ತಿಂಗಳು ಹೀಗೇ ಹೋಯಿತು. ಈ ವರ್ಷ ಫೆಬ್ರವರಿಯಲ್ಲಿ ಚಿಕ್ಕಣ್ಣನ ಅಣ್ಣ ನಾರಾಯಣಪ್ಪನವರು ನನ್ನ ಹೂವಿನ ಹತ್ತಿರ ಬಂದು ನಿಂತರು. ಹಳೆಯ ಊರಿನ ಗೌಡರ ಮನೆ, ನಾಲ್ಕು ಬಾಡಿಗೆ ಕಟ್ಟಡ, ಒಳ್ಳೆಯ ಮನುಷ್ಯರೇ. ಅವರ ಮೊಮ್ಮಗಳು ಸ್ಪಂದನಳಿಗೆ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ಸಾವು ಆಗಿದೆಯೋ ಇಲ್ಲವೋ ತಿಳಿಯದೆ ಶುಭ ಕಾರ್ಯ ಹೇಗೆ ಮಾಡುವುದು ಎಂದು ಪುರೋಹಿತರು ಹೇಳಿದ್ದರಂತೆ. ದರ್ಭೆಯ ಬೊಂಬೆ ಮಾಡಿ ಸುಟ್ಟು, ಚಿಕ್ಕಣ್ಣನ ಕರ್ಮ ಮುಗಿಸಿಬಿಡುವುದು ಎಂದು ತೀರ್ಮಾನವಾಗಿತ್ತು. ಗಂಡನ ಕರ್ಮ ಆದರೆ ಹೆಂಡತಿಯ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು, ತಾಳಿ ತೆಗೆಯಬೇಕು. ಮುತ್ತೈದೆಯರು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ಹಾಗೆ ಗಂಡ ಸತ್ತ ಹೆಂಗಸೇ ಮಾಡಬೇಕು.

"ಪಾಪಮ್ಮ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮನೆ ಹತ್ರ ಬಂದ್ಬಿಡಿ. ನೀವಾದ್ರೆ ನಿಧಾನ, ಅವಳಿಗೆ ನೋವಾಗದ ಹಂಗೆ ಮಾಡ್ತೀರ."

"ಬರ್ತೀನಿ," ಅಂದೆ. ಮಾಡುತ್ತೇನೆ ಅನ್ನಲಿಲ್ಲ.

ನಾನು ಇದುವರೆಗೆ ಏಳು ಜನರ ಬಳೆ ಒಡೆದಿದ್ದೇನೆ. ಏಳು ಹೆಸರೂ ನೆನಪಿದೆ. ಕಲ್ಲಿಗೆ ತಾಗಿಸಿ, ಕೈಗೆ ಗಾಜು ಚುಚ್ಚದ ಹಾಗೆ, ಒದ್ದೆ ಬಟ್ಟೆ ಸುತ್ತಿ ಒಡೆಯಬೇಕು. ಏಳು ಸಲವೂ ಮನೆಯಲ್ಲಿ ಹೆಣ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಭಾನುವಾರ ಸಂಜೆ ಲಕ್ಷ್ಮಮ್ಮನನ್ನು ಕೇಳಿದೆ. "ನಿನ್ನ ಮನಸ್ಸಲ್ಲಿ ಏನಿದೆ?"

"ಭಾವ ದೊಡ್ಡವರು. ಕರೆದವ್ರೆ, ಹೋಗ್ತೀನಿ. ಹೋಗಿ ಏನ್ ಸುಡ್ತಾರೆ ನೋಡ್ತೀನಿ."

ಸೋಮವಾರ ನಾರಾಯಣಪ್ಪನವರ ಹಿತ್ತಲಿನಲ್ಲಿ ಶಾಮಿಯಾನ ಹಾಕಿದ್ದರು. ಮೂವತ್ತು ಜನ ಇದ್ದಿರಬಹುದು. ಚಟ್ಟದ ಹಾಗೆ ಕಟ್ಟಿದ ಬಿದಿರಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ದರ್ಭೆಯ ಬೊಂಬೆ. ಲಕ್ಷ್ಮಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಪುರೋಹಿತರು ನನ್ನ ಕಡೆ ನೋಡಿದರು. ಯಾರೋ ಒಂದು ಕಲ್ಲು ತಂದು ನನ್ನ ಮುಂದೆ ಇಟ್ಟರು.

"ನಾನು ಒಡೆಯಲ್ಲ," ಅಂದೆ.

"ಅಯ್ಯೋ, ಇದೇನಮ್ಮ ಈ ಹೊತ್ತಲ್ಲಿ!" ಎಂದು ಹೆಂಗಸರು ಎದ್ದರು. "ಒಡೆಯಲ್ಲ ಅಂತ ಮೊದ್ಲೇ ಹೇಳೋಕೇನಾಗಿತ್ತು? ಬೇರೆಯವ್ರನ್ನ ಕರೀತಿದ್ವಿ."

"ಅದಕ್ಕೇ ಹೇಳ್ಲಿಲ್ಲ. ನಾನು ಹೆಣ ನೋಡಿ ಒಡೆಯೋಳು. ಹೆಣ ತೋರ್ಸಿ, ಈಗ್ಲೇ ಒಡೀತೀನಿ."

"ಅಲ್ಲೇ ಇದೆಯಲ್ಲಮ್ಮ," ಎಂದು ಪುರೋಹಿತರು ಬೊಂಬೆ ತೋರಿಸಿದರು.

ಆಗ ಲಕ್ಷ್ಮಮ್ಮ ಮಣೆಯಿಂದ ಎದ್ದಳು. ಯಾರೂ ತಡೆಯಲಿಲ್ಲ, ಅಳಲು ಎದ್ದಳು ಎಂದುಕೊಂಡರು. ಅವಳು ಬೊಂಬೆಯ ಪಕ್ಕ ಕೂತು, ತಲೆಯಿಂದ ಕಾಲಿನವರೆಗೆ ಗೇಣು ಹಾಕಿ ಅಳೆದಳು. ಒಂದು, ಎರಡು, ಮೂರು. ಮೂರು ಗೇಣಿಗೆ ಮುಗಿಯಿತು.

"ನಮ್ಮ ಯಜಮಾನ್ರು ಐದಡಿ ಏಳಿಂಚು," ಅಂದಳು. "ಸರ್ವೀಸ್ ಪುಸ್ತಕದಲ್ಲಿ ಬರೆದಿದೆ. ಇದು ಮೂರು ಗೇಣು. ಇದು ಅವರಲ್ಲ."

"ಅಮ್ಮ, ಇದು ಶಾಸ್ತ್ರಕ್ಕೆ."

"ಶಾಸ್ತ್ರಕ್ಕೆ ನಾನು ಗಂಡನ್ನ ಸುಡಲ್ಲ ಸ್ವಾಮಿ."

ನಾರಾಯಣಪ್ಪನವರು ಮುಂದೆ ಬಂದರು. "ಅವನು ನನ್ನ ಒಡಹುಟ್ಟಿದವನಮ್ಮ. ನನಗೆ ಸಂಕಟ ಇಲ್ವಾ? ಆ ಮಗು ಮದುವೆ ನಿಂತುಹೋದ್ರೆ ಯಾರಿಗೆ ಹೇಳ್ಲಿ? ಈಗ ನೀನು ಎದ್ದು ಹೋದ್ರೆ ಮದುವೆಗೆ ಬರಂಗಿಲ್ಲ, ತಿಳ್ಕೋ."

"ಬರಲ್ಲ ಭಾವ. ಸ್ಪಂದನ ನನ್ನ ತೋಳ ಮೇಲೆ ಬೆಳೆದ ಕೂಸು, ಆದ್ರೂ ಬರಲ್ಲ. ಆದ್ರೆ ನಾನು ಮನೇಲಿ ಕೂರೋದು ಕುಂಕುಮ ಇಟ್ಕೊಂಡೇ."

ನಾವಿಬ್ಬರೂ ಹೊರಟೆವು. ಹಿಂದಿನಿಂದ ಏನೇನೋ ಅಂದರು. ಅದನ್ನೆಲ್ಲ ಬರೆಯುವುದಿಲ್ಲ. ಬೊಂಬೆಯನ್ನು ಅವರು ಸುಡಲಿಲ್ಲ. ಹೆಂಡತಿ ಎದ್ದು ಹೋದ ಮೇಲೆ ಸುಡುವ ಹಾಗಿಲ್ಲ ಎಂದು ಪುರೋಹಿತರೇ ನಿಲ್ಲಿಸಿದರಂತೆ.

ಮದುವೆ ನಿಲ್ಲಲಿಲ್ಲ. ಹುಡುಗಿಯ ಸೋದರಮಾವನ ಮನೆಯಿಂದ ಧಾರೆ ಎರೆಸಿದರು. ದಾರಿ ಹುಡುಕಿದರೆ ಇರುತ್ತದೆ. ಆದರೆ ಲಕ್ಷ್ಮಮ್ಮನನ್ನು ಕರೆಯಲಿಲ್ಲ. ಮದುವೆಯ ದಿನ ಅವಳು ಮನೆಯಲ್ಲೇ ಇದ್ದಳು, ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಅದು ಅವಳಿಗೆ ಸುಲಭವಾಯಿತು ಎಂದು ಯಾರೂ ತಿಳಿಯಬಾರದು. ಅಂದಿನಿಂದ ಬೀದಿಯ ಹೆಂಗಸರೂ ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವುದು ಬಿಟ್ಟರು. ವಿಧವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನೆ ಕರೆಯುವುದಿಲ್ಲ.

ಶ್ರಾವಣದ ಎರಡನೆಯ ಶುಕ್ರವಾರ, ಬೀದಿಯ ಕೊನೆಯ ಮನೆಯ ಗುರುದೇವಿ ಬಂದು ಲಕ್ಷ್ಮಮ್ಮನ ಬಾಗಿಲು ತಟ್ಟಿದಳು. ರಾಣೆಬೆನ್ನೂರು ಕಡೆಯವಳು, ಬಾಡಿಗೆಗೆ ಬಂದು ಎರಡು ವರ್ಷ, ಗಾರ್ಮೆಂಟ್ಸ್ ಕೆಲಸ.

"ಅಕ್ಕಾರ, ಸಂಜೀಕ ನಮ್ಮನೀಗ ಬರ್ರಿ, ಉಡಿ ತುಂಬತೇನಿ."

"ಯೋಚ್ನೆ ಮಾಡಿ ಕರೀತಿದೀಯೇನಮ್ಮ? ನಾಳೆ ನಿನ್ನೂ ಯಾರೂ ಕರೆಯಲ್ಲ."

"ಬಿಡ್ರಿ ಅಕ್ಕಾರ. ನಿಮ್ಮ ಯಜಮಾನ್ರು ಸತ್ತದ್ದು ನೋಡಿದವ್ರು ಯಾರದಾರ ಇಲ್ಲೆ?"

ಸಂಜೆ ಐದೂವರೆಗೆ ಲಕ್ಷ್ಮಮ್ಮ ನನ್ನ ಹತ್ತಿರ ಬಂದು ಒಂದು ಮಾರು ಮಲ್ಲಿಗೆ ತೆಗೆದುಕೊಂಡು ಪೂರ್ತಿ ಮುಡಿದಳು. ಹೊಸ ಹಸಿರು ಬಳೆ, ಎರಡು ಕೈಗೂ ಡಜನ್ ಡಜನ್. ಹಣೆಯಲ್ಲಿ ಕಾಸಗಲ ಕುಂಕುಮ. ನಮ್ಮ ಬೀದಿಯಲ್ಲಿ ಹದಿನೆಂಟು ಮನೆ. ಬದಿಯಲ್ಲಿ ನಡೆಯುವವಳು ಅವಳು ಯಾವಾಗಲೂ, ಅವತ್ತು ರಸ್ತೆಯ ನಡುಮಧ್ಯೆ ನಡೆದಳು. ಕೆಲವರು ಬಾಗಿಲು ಮುಂದೆ ಮಾಡಿದರು. ಹಾಲಿನ ಬೂತಿನಲ್ಲಿ ಮಾತಾಡಿದ್ದವಳು ಮಾತ್ರ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಏನ್ ಲಕ್ಷ್ಮಮ್ಮ, ಯಾವ ಧೈರ್ಯದ ಮೇಲೆ ಹೂ ಮುಡ್ಕೊಂಡು ಹೊರಟಿದೀಯಾ?"

ಲಕ್ಷ್ಮಮ್ಮ ನಿಂತಳು. ಸೆರಗು ಸರಿಮಾಡಿಕೊಂಡು, ಅವಳಷ್ಟೇ ಜೋರಾಗಿ ಹೇಳಿದಳು.

"ಅವ್ರು ಇಲ್ಲ ಅಂತ ನಿನಗೆ ಹೇಳಿದ್ದು ಯಾರವ್ವ? ಅವ್ರನ್ನ ಮೊದ್ಲು ನಮ್ಮನೆಗೆ ಕಳ್ಸು. ಎಲ್ಲಿ ನೋಡಿದ್ರು ಅಂತ ನಾನೂ ಕೇಳ್ಬೇಕು."